ಹಾಸಿಗೆ ಕೊಳ್ಳುವ ಮೊದಲು ತೂಕ ನೋಡಿ

ಮದುವೆ ನಿಶ್ಚಯವಾದ ಮನೆಯಲ್ಲಿ ಮೊದಲು ಸುಣ್ಣಬಣ್ಣ, ಆಮೇಲೆ ಕಪಾಟು, ಕೊನೆಗೆ ಹಾಸಿಗೆ. ಪುದಿಯಾಪ್ಲೆ ಬಂದು ಮಲಗುವ ಕೋಣೆ ಅಂದ ಮೇಲೆ ಹಾಸಿಗೆ ಸ್ವಲ್ಪ ಜೋರಾಗಿಯೇ ಇರಬೇಕು ಅಂತ ಎಲ್ಲರ ಹಠ. ಅಂಗಡಿಗೆ ಹೋದರೆ ಹತ್ತಿಂಚು ದಪ್ಪದ, ಹೊಳೆಯುವ ಬಟ್ಟೆ ಹೊದಿಸಿದ ಹಾಸಿಗೆ ತೋರಿಸಿ ‘ಆರ್ಥೊಪೆಡಿಕ್’ ಅನ್ನುತ್ತಾರೆ. ಒಳಗೆ ಏನುಂಟು ಅಂತ ಯಾರೂ ಬಿಚ್ಚಿ ತೋರಿಸುವುದಿಲ್ಲ. ಸಾಲ ಮಾಡಿ ತಂದ ಆ ಹಾಸಿಗೆ ಮೂರನೇ ಮಳೆಗಾಲಕ್ಕೆ ನಡುವೆ ತಗ್ಗಾಗಿ ತೊಟ್ಟಿಲಿನಂತಾದರೆ ಕೇಳುವುದು ಯಾರಲ್ಲಿ? ಅದೇ ಮನೆಯ ಒಳಕೋಣೆಯಲ್ಲಿ ಸೊಂಟ ನೋವಿನ ಉಮ್ಮ ಗಂಟು ಕಟ್ಟಿದ ಹಳೆಯ ಹತ್ತಿ ಹಾಸಿಗೆಯಲ್ಲೇ ಹೊರಳುತ್ತಿರುತ್ತಾರೆ.

ನಿಜ ಹೇಳಬೇಕೆಂದರೆ ಹಾಸಿಗೆ ದೊಡ್ಡ ವಿದ್ಯೆ ಏನೂ ಅಲ್ಲ. ಎರಡು ಅಥವಾ ಮೂರು ಪದರ, ಅದರ ಮೇಲೊಂದು ಚೀಲ, ಅಷ್ಟೇ. ಅಡಿಯಲ್ಲಿ ಗಡುಸಾದದ್ದು ಭಾರ ಹೊರಬೇಕು, ಮೇಲೆ ಮೆತ್ತಗಿನದ್ದು ಭುಜಕ್ಕೂ ಸೊಂಟಕ್ಕೂ ಸ್ವಲ್ಪ ಜಾಗ ಕೊಡಬೇಕು. ಸೋಫಾ, ಕಾರಿನ ಸೀಟು ಮಾಡುವ ‘ಕುಶನ್ ವರ್ಕ್ಸ್’ ಅಂಗಡಿ ನಮ್ಮ ಪೇಟೆಗಳಲ್ಲಿ ಬೇಕಾದಷ್ಟಿವೆ. ಫೋಮನ್ನು ಬೇಕಾದ ಅಳತೆಗೆ ಕತ್ತರಿಸಿ ಕೊಡುವುದು ಅವರ ದಿನನಿತ್ಯದ ಕೆಲಸ. ಲೇಟೆಕ್ಸ್ ಹಾಳೆ ಇಲ್ಲದಿದ್ದರೆ ಅವರ ಮೂಲಕವೇ ತರಿಸಬಹುದು. ಚೀಲ ಹೊಲಿಯಲು ಮನೆಯಲ್ಲೇ ಮೆಷಿನ್ ಉಂಟು.

ಮೊದಲು ಅಡಿಯ ಪದರದ ಮಾತು. ಇದಕ್ಕೆ ಪಿಯು ಫೋಮ್ ಸಾಕು. ಅಂಗಡಿಯವರು 28, 32, 40 ಅಂತ ಹೇಳುವುದು ಡೆನ್ಸಿಟಿ, ಅಂದರೆ ಒಂದು ಘನ ಮೀಟರ್ ಫೋಮ್ ಎಷ್ಟು ಕಿಲೋ ತೂಗುತ್ತದೆ ಅನ್ನುವ ಲೆಕ್ಕ. ಅದು ಗಡುಸಿನ ಲೆಕ್ಕ ಅಲ್ಲ. ಕಡಿಮೆ ಡೆನ್ಸಿಟಿಯ ಫೋಮನ್ನೂ ಗಡುಸಾಗಿ ಮಾಡಬಹುದು. ಅಂಗಡಿಯಲ್ಲಿ ಕೈಯಿಂದ ಒತ್ತಿದಾಗ ಗಟ್ಟಿ ಅನ್ನಿಸುತ್ತದೆ, ದಿನಾ ಮಲಗಿದರೆ ಬೇಗ ಕೂರುತ್ತದೆ. ಬಾಳಿಕೆಯ ಗುಟ್ಟು ಇರುವುದು ಡೆನ್ಸಿಟಿಯಲ್ಲಿ. ದೊಡ್ಡವರು ದಿನಾ ಮಲಗುವುದಾದರೆ 40ರದ್ದು ಕೇಳಿ. ಮಕ್ಕಳಿಗೆ, ಅಪರೂಪಕ್ಕೆ ಬರುವ ನೆಂಟರ ಕೋಣೆಗೆ 32 ಸಾಕು.

ಬಾಯಲ್ಲಿ 40 ಅಂದದ್ದನ್ನು ನಂಬುವುದು ಹೇಗೆ? ತಕ್ಕಡಿಗೆ ಹಾಕಿ. ಉದ್ದ, ಅಗಲ, ದಪ್ಪ ಮೂರನ್ನೂ ಇಂಚಿನಲ್ಲಿ ಗುಣಿಸಿ, ಬಂದದ್ದನ್ನು ಡೆನ್ಸಿಟಿಯಿಂದ ಗುಣಿಸಿ, 61,000ದಿಂದ ಭಾಗಿಸಿದರೆ ಕಿಲೋ ಸಿಗುತ್ತದೆ. ಒಬ್ಬರ ಮಂಚಕ್ಕೆ 72 ಇಂಚು ಉದ್ದ, 36 ಇಂಚು ಅಗಲ, 4 ಇಂಚು ದಪ್ಪದ ಫೋಮ್ 40ರದ್ದಾದರೆ ಸುಮಾರು 6.8 ಕಿಲೋ ತೂಗಬೇಕು. 32ರದ್ದು 5.4 ಕಿಲೋ. ಮೂರೇ ಕಿಲೋ ಬಂತೋ, ಅದು 18ರ ಫೋಮ್, ಪ್ಯಾಕಿಂಗ್‌ಗೆ ಹಾಕುವಂಥದ್ದು. ಮೀನು ತೂಗಿಸಿ ತರುವ ನಾವು ಇಷ್ಟು ದುಡ್ಡು ಕೊಡುವ ಹಾಸಿಗೆಯನ್ನು ತೂಗಿಸಲು ಯಾಕೆ ನಾಚಬೇಕು? ಆದರೆ ತೂಕ ಒಂದನ್ನೇ ನಂಬುವ ಹಾಗೂ ಇಲ್ಲ. ಸೀಮೆಸುಣ್ಣದಂಥ ಪುಡಿ ಸೇರಿಸಿ ತೂಕ ಏರಿಸಿದ ಫೋಮೂ ಬರುತ್ತದೆ. ಕತ್ತರಿಸಿದ ಅಂಚನ್ನು ಬೆರಳಿನಿಂದ ಉಜ್ಜಿ ನೋಡಿ. ಪುಡಿ ಉದುರಿದರೆ, ಹಿಸುಕಿ ಬಿಟ್ಟಾಗ ಕೂಡಲೇ ಮೇಲೇಳದಿದ್ದರೆ ಅದು ಬೇಡ.

ಬಣ್ಣಬಣ್ಣದ ಚೂರುಗಳನ್ನು ಅಂಟಿಸಿದಂತೆ ಕಾಣುವ ರಿಬಾಂಡೆಡ್ ಫೋಮ್ ಇನ್ನೊಂದು. ಫೋಮಿನ ತುಂಡುಗಳನ್ನೇ ಒತ್ತಿ ಮಾಡಿದ್ದು, ಬಹಳ ಗಡುಸು. ಪಟ್ಟಿ ಹಾಕಿದ ಮಂಚಕ್ಕೆ ತೀರಾ ಅಡಿಯಲ್ಲಿ ಒಂದಿಂಚು ಹಾಕಿದರೆ ಒಳ್ಳೆಯದೇ. ಬರೀ ಅದನ್ನೇ ಆರಿಂಚು ಮಾಡಿ ‘ಬೆನ್ನಿಗೆ ಒಳ್ಳೆಯದು’ ಅಂತ ಮಾರುವುದು ನನಗಂತೂ ಸರಿ ಕಾಣುವುದಿಲ್ಲ.

ಬೆನ್ನು ನೋವಿಗೆ ಹಲಗೆಯಂಥ ಹಾಸಿಗೆಯೇ ಮದ್ದು ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಉಂಟು. ಸ್ಪೇನಿನಲ್ಲಿ ಬಹುಕಾಲದ ಸೊಂಟ ನೋವಿದ್ದ 313 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಗಡುಸು ಹಾಸಿಗೆ, ಇನ್ನೊಂದಕ್ಕೆ ಮಧ್ಯಮ ಗಡುಸಿನ ಹಾಸಿಗೆ ಕೊಟ್ಟು 90 ದಿನ ನೋಡಿದರು. 2003ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಅದರ ಫಲಿತಾಂಶ ಬಂತು. ಮಧ್ಯಮ ಗಡುಸಿನಲ್ಲಿ ಮಲಗಿದವರಿಗೇ ಹೆಚ್ಚು ಆರಾಮ ಸಿಕ್ಕಿತ್ತು. ಈ ಮಧ್ಯಮ ಗಡುಸು ತರುವುದು ಮೇಲಿನ ಪದರದ ಕೆಲಸ.

ಮೇಲಿನ ಪದರಕ್ಕೆ ಲೇಟೆಕ್ಸ್

ಲೇಟೆಕ್ಸ್ ಅಂದರೆ ರಬ್ಬರ್ ಮರದ ಹಾಲು. ಸುಳ್ಯ, ಪುತ್ತೂರು, ಬೆಳ್ತಂಗಡಿಯವರಿಗೆ ಇದನ್ನು ವಿವರಿಸುವುದೇ ಬೇಡ. ಬೆಳಕು ಹರಿಯುವ ಮೊದಲೇ ಟ್ಯಾಪಿಂಗ್‌ಗೆ ಹೊರಟವರು ಚಿಪ್ಪಿನಲ್ಲಿ ಹಾಲು ಹಿಡಿದು, ಆಸಿಡ್ ಹಾಕಿ ಹೆಪ್ಪುಗಟ್ಟಿಸಿ, ರೋಲರ್‌ಗೆ ಕೊಟ್ಟು, ಹೊಗೆಗೂಡಿನಲ್ಲಿ ಒಣಗಿಸಿ ಶೀಟ್ ಮಾಡುವುದು ಅಲ್ಲಿನ ದಿನಚರಿ. ಆ ಶೀಟ್ ಹೆಚ್ಚಾಗಿ ಹೋಗುವುದು ಟಯರಿಗೆ. ಹಾಸಿಗೆಗೆ ಬೇಕಾದದ್ದು ಹೆಪ್ಪುಗಟ್ಟದ ಹಾಲು. ಅಮೋನಿಯಾ ಸೇರಿಸಿ, ಯಂತ್ರದಲ್ಲಿ ತಿರುಗಿಸಿ ನೀರು ತೆಗೆದು, ನೂರರಲ್ಲಿ 60 ಭಾಗ ರಬ್ಬರ್ ಇರುವಷ್ಟು ಮಂದ ಮಾಡುತ್ತಾರೆ. ಅದನ್ನು ನೊರೆ ಬರುವಂತೆ ಕಡೆದು ಅಚ್ಚಿಗೆ ಸುರಿದು ಬೇಯಿಸಿದರೆ ಲೇಟೆಕ್ಸ್ ಫೋಮ್. ಇಡ್ಲಿ ಹಿಟ್ಟಿನ ಹಾಗೆಯೇ ಅನ್ನಿ! 1929ರ ಹೊತ್ತಿಗೆ ಇಂಗ್ಲೆಂಡಿನ ಡನ್‌ಲಪ್ ಕಂಪೆನಿಯ ಇ.ಎ. ಮರ್ಫಿ ಅನ್ನುವವರು ಇದನ್ನು ಮೊದಲು ಕಡೆದದ್ದು ಅಡುಗೆಮನೆಯ ಮಿಕ್ಸರಿನಲ್ಲಂತೆ. ಇಂದಿಗೂ ಆ ವಿಧಾನಕ್ಕೆ ಡನ್‌ಲಪ್ ಅಂತಲೇ ಹೆಸರು.

ಅಚ್ಚಿನೊಳಗಿನ ಕಡ್ಡಿಗಳಿಂದಾಗಿ ಹಾಳೆಯ ತುಂಬ ಪೆನ್ಸಿಲ್ ದಪ್ಪದ ತೂತುಗಳಿರುತ್ತವೆ. ಗಾಳಿ ಆಡುವುದಕ್ಕೂ ಅವು ಉಪಕಾರ. ಲೇಟೆಕ್ಸ್ ಒತ್ತಿದಲ್ಲಿ ತಗ್ಗಿ ಕೂಡಲೇ ಚಿಮ್ಮುತ್ತದೆ, ಮಗ್ಗುಲು ಬದಲಿಸಲು ಕಷ್ಟವಿಲ್ಲ. ಮೆಮೊರಿ ಫೋಮ್ ಹಾಗಲ್ಲ. ಮೈಯ ಬಿಸಿಗೆ ಮೆತ್ತಗಾಗಿ ನಿಧಾನಕ್ಕೆ ಹುಗಿಯುತ್ತದೆ. ಗಲ್ಫ್‌ನ ಎಸಿ ಕೋಣೆಯಲ್ಲಿ ಅದರ ಮೇಲೆ ಸುಖವಾಗಿ ಮಲಗಿದವರು ಊರಿಗೆ ಬಂದು ಅದನ್ನೇ ಹುಡುಕುತ್ತಾರೆ. ಎಪ್ರಿಲ್ ಸೆಕೆಯಲ್ಲಿ ಬರೀ ಫ್ಯಾನಿನಡಿ ಅದರಲ್ಲಿ ಮಲಗಿ ನೋಡಿ, ಬೆವರಿನಲ್ಲಿ ಅದ್ದಿದಂತಾಗುತ್ತದೆ.

ಎರಡು ಇಂಚು ಲೇಟೆಕ್ಸ್ ಸಾಕು. ಪೂರ್ತಿ ಲೇಟೆಕ್ಸ್ ಮಾಡಿಸಿದರೆ ಖರ್ಚು ಏರುವುದು ಮಾತ್ರವಲ್ಲ, 78ಕ್ಕೆ 72ರ ಆರಿಂಚಿನ ಹಾಸಿಗೆ 44 ಕಿಲೋದಷ್ಟು ಭಾರವಾಗುತ್ತದೆ. ಗುಡಿಸಲು, ಚಾದರ ಸಿಕ್ಕಿಸಲು ಅದನ್ನು ದಿನಾ ಎತ್ತುವವರು ಯಾರು? ಹೆಂಗಸರಲ್ಲವೇ? ಬೇರೆ ಬೇರೆ ಪದರವಾದರೆ ಒಂದೊಂದಾಗಿ ಸುತ್ತಿ ಮಾಳಿಗೆಗೂ ಏರಿಸಬಹುದು. ಲೇಟೆಕ್ಸನ್ನೂ ತೂಗಿಯೇ ತನ್ನಿ. 72ಕ್ಕೆ 36ರ ಎರಡಿಂಚಿನ ಹಾಳೆ ಐದೂವರೆಯಿಂದ ಎಂಟು ಕಿಲೋ ಬರಬೇಕು. ಅಷ್ಟು ಬಾರದಿದ್ದರೆ ಅದು ಲೇಟೆಕ್ಸ್‌ನಂತೆ ಕಾಣುವ ಬರೀ ಫೋಮ್. ನ್ಯಾಚುರಲ್ ಅಂದರೆ ನೂರಕ್ಕೆ ಎಷ್ಟು, ಸಿಂಥೆಟಿಕ್ ರಬ್ಬರ್ ಎಷ್ಟು ಅಂತ ಬಿಲ್ಲಿನಲ್ಲೇ ಬರೆಸಿಕೊಳ್ಳಿ. ರಬ್ಬರ್ ಕೈಗವಸು ಹಾಕಿದರೆ ಮೈ ತುರಿಸುವವರು ಮನೆಯಲ್ಲಿದ್ದರೆ ಲೇಟೆಕ್ಸ್ ಬಿಡಿ. ಅವರಿಗೆ ಮೇಲಿನ ಪದರಕ್ಕೂ ಎಚ್‌ಆರ್ ಫೋಮ್ ಅನ್ನುವ ಹೆಚ್ಚು ಚಿಮ್ಮುವ ಪಿಯು ಫೋಮನ್ನೇ ಹಾಕಿಸಿ.

ಚೀಲ ಹೊಲಿಸುವ ಮೊದಲು ಪದರಗಳನ್ನು ಮಂಚದ ಮೇಲೆ ಸುಮ್ಮನೆ ಇಟ್ಟು ಒಂದು ವಾರ ಮಲಗಿ ನೋಡಿ. ಅಂಗಾತ ಮಲಗಿದಾಗ ಸೊಂಟದಡಿ ಅಂಗೈ ಸಲೀಸಾಗಿ ಆಚೆ ದಾಟಿದರೆ ಹಾಸಿಗೆ ಗಡುಸು ಜಾಸ್ತಿ. ಕುಂಡೆ ಇಳಿದು ಮೈ ಬಿಲ್ಲಿನಂತಾದರೆ ಮೆತ್ತಗೆ ಜಾಸ್ತಿ. ಮಗ್ಗುಲಾಗಿ ಮಲಗುವವರ ಬೆನ್ನನ್ನು ಇನ್ನೊಬ್ಬರು ಹಿಂದಿನಿಂದ ನೋಡಬೇಕು, ಕುತ್ತಿಗೆಯಿಂದ ಕೆಳಗಿನವರೆಗೆ ನೇರ ಇದ್ದರೆ ಆಯಿತು. ಗಂಡ ತೊಂಬತ್ತು ಕಿಲೋ, ಹೆಂಡತಿ ಐವತ್ತು ಕಿಲೋ ಅನ್ನುವಲ್ಲಿ ಕೆಳಗಿನ ಫೋಮನ್ನು ಎರಡು ಅರ್ಧವಾಗಿ ಕತ್ತರಿಸಿ ಅವರ ಬದಿಗೆ ಗಡುಸು, ಇವರ ಬದಿಗೆ ಸ್ವಲ್ಪ ಮೆತ್ತಗಿನದ್ದು ಇಡಬಹುದು. ಮೇಲೆ ಒಂದೇ ಲೇಟೆಕ್ಸ್ ಹಾಳೆ ಬಂದರೆ ನಡುವಿನ ಸಂದು ತಾಗುವುದಿಲ್ಲ. ಎಷ್ಟು ದುಡ್ಡು ಕೊಟ್ಟರೂ ಅಂಗಡಿಯ ರೆಡಿಮೇಡ್ ಹಾಸಿಗೆಯಲ್ಲಿ ಈ ಅನುಕೂಲ ಸಿಗುವುದು ಕಷ್ಟ.

ಪದರಗಳ ನಡುವೆ ಅಂಟು ಹಾಕಬೇಡಿ. ದಪ್ಪ ಹತ್ತಿ ಬಟ್ಟೆಯ ಚೀಲ, ಮೂರು ಬದಿಗೆ ಜಿಪ್, ಅಳತೆ ಬಿಗಿಯಾಗಿರಲಿ. ಅಷ್ಟಿದ್ದರೆ ಪದರ ಜಾರುವುದಿಲ್ಲ.

ಮಳೆ, ಬಿಸಿಲು, ಕೆಂಡ

ನಮ್ಮ ಕರಾವಳಿಯಲ್ಲಿ ಹಾಸಿಗೆಯ ದೊಡ್ಡ ಶತ್ರು ತೇವ. ಪ್ಲೈವುಡ್ ಹೊಡೆದು ಅಡಿಯನ್ನು ಮುಚ್ಚಿದ ಮಂಚದಲ್ಲಿ ಬೆವರಿನ ತೇವ ಕೆಳಗಿಳಿದು ಅಲ್ಲೇ ನಿಂತು, ಆಟಿ ತಿಂಗಳಲ್ಲಿ ಎತ್ತಿ ನೋಡಿದರೆ ಕಪ್ಪು ಬೂಷ್ಟು. ಮರದ ಪಟ್ಟಿಯ ಮಂಚ ಒಳ್ಳೆಯದು, ಪಟ್ಟಿಗಳ ನಡುವೆ ಮೂರಿಂಚಿಗಿಂತ ಹೆಚ್ಚು ಸಂದು ಬೇಡ. ಪ್ಲೈವುಡ್ಡೇ ಇದ್ದರೆ ಅಲ್ಲಲ್ಲಿ ತೂತು ಕೊರೆಸಿ. ವಾರಕ್ಕೊಮ್ಮೆ ಹಾಸಿಗೆಯನ್ನು ಗೋಡೆಗೆ ಒರಗಿಸಿ ಫ್ಯಾನ್ ಹಾಕಿ. ಹತ್ತಿ ಹಾಸಿಗೆಯ ಅಭ್ಯಾಸದಲ್ಲಿ ಅಂಗಳದ ಬಿಸಿಲಿಗೆ ಮಾತ್ರ ಹಾಕಬಾರದು. ಬಿಸಿಲಿಗೆ ಲೇಟೆಕ್ಸ್ ಬಿರಿದು ಪುಡಿಯಾಗುತ್ತದೆ, ಫೋಮ್ ಹಳದಿಯಾಗಿ ಸಾಯುತ್ತದೆ. ನೆರಳು, ಗಾಳಿ ಸಾಕು.

ಇನ್ನು ಬೆಂಕಿ. ಫೋಮ್ ಹತ್ತಿಕೊಂಡರೆ ಕ್ಷಣದಲ್ಲಿ ಉರಿಯುತ್ತದೆ, ಆ ಹೊಗೆಯೇ ಪ್ರಾಣಕ್ಕೆ ಎರವು. ಸೊಳ್ಳೆ ಬತ್ತಿಯನ್ನು ಮಂಚದಡಿ ಇಡುವುದು, ಬಾಣಂತಿ ಕೋಣೆಗೆ ಸಾಂಬ್ರಾಣಿ, ಊದಿನ ಕೆಂಡವನ್ನು ಹಾಸಿಗೆಯ ಪಕ್ಕಕ್ಕೆ ತರುವುದು ದಯವಿಟ್ಟು ನಿಲ್ಲಿಸಿ. ಬಾಣಂತಿಗೆ ಲೇಟೆಕ್ಸ್ ಹಿತ, ಮಗುವಿಗೆ ಅಲ್ಲ. ಒಂದು ವರ್ಷದೊಳಗಿನ ಮಗುವನ್ನು ಮೆತ್ತನೆಯ ಹಾಸಿಗೆಯಲ್ಲಿ ಮಲಗಿಸಿದರೆ ಮುಖ ಹುಗಿದು ಉಸಿರು ಕಟ್ಟಬಹುದು. ಮಗುವಿಗೆ ಬೇರೆಯಾಗಿ ಗಟ್ಟಿಯಾದ, ಸಪಾಟಾದ ಹಾಸು ಬೇಕು, ಅಂಗಾತ ಮಲಗಿಸಬೇಕು, ತಲೆದಿಂಬು ಬೇಡ.

ಏಳಲಾಗದೆ ಮಲಗಿದಲ್ಲೇ ಇರುವ ಹಿರಿಯರಿಗೂ ಈ ಹಾಸಿಗೆ ಹಿತವೇ, ಆದರೆ ಹುಣ್ಣಾಗದಂತೆ ಕಾಯುವುದು ಹಾಸಿಗೆಯಲ್ಲ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ಕೈ. ಗಾಳಿ ತುಂಬುವ ಹಾಸಿಗೆ ಬೇಕೇ ಅಂತ ವೈದ್ಯರಲ್ಲಿ ಕೇಳಿ. ಮೂತ್ರ ಇಳಿಯದಂತೆ ಲೇಟೆಕ್ಸ್ ಮೇಲೊಂದು ವಾಟರ್‌ಪ್ರೂಫ್ ಹೊದಿಕೆ ಇರಲಿ, ಏಕೆಂದರೆ ಒಮ್ಮೆ ನೆನೆದರೆ ಅದು ಒಣಗುವುದು ಬಹಳ ತಡ. ನಡೆದಾಡುವ ಹಿರಿಯರಾದರೆ ಮಂಚ, ಹಾಸಿಗೆ ಸೇರಿದ ಎತ್ತರ ಅವರ ಮೊಣಕಾಲಿಗೆ ಸರಿಯಾಗಿರಲಿ. ಹತ್ತಿಂಚಿನ ಹಾಸಿಗೆ ಹಾಕಿ ಎತ್ತರ ಏರಿಸಿದರೆ ರಾತ್ರಿ ಇಳಿಯುವಾಗ ಬೀಳುವುದು ಅವರೇ.

ಹಿಂದೆ ಪಿಂಜಾರರು ಬಿಲ್ಲು ಹಿಡಿದು ಮನೆ ಬಾಗಿಲಿಗೆ ಬಂದರೆ ಗಂಟು ಕಟ್ಟಿದ ಹಾಸಿಗೆಯನ್ನು ಬಿಚ್ಚಿ, ಹತ್ತಿ ಹಿಂಜಿ, ಅದೇ ಚೀಲಕ್ಕೆ ಪುನಃ ತುಂಬಿ ಕೊಡುತ್ತಿದ್ದರು. ಹೊಲಿದು ಮುಚ್ಚಿದ ಕಂಪೆನಿ ಹಾಸಿಗೆ ತಗ್ಗಾದರೆ ಇಡಿಯಾಗಿ ಎಸೆಯಬೇಕು. ಪದರದ ಹಾಸಿಗೆಗೆ ಜಿಪ್ ಇದೆ. ಸಾಮಾನ್ಯವಾಗಿ ಮೊದಲು ಸೋಲುವುದು ಅಡಿಯ ಫೋಮ್. ಅಷ್ಟನ್ನು ಮಾತ್ರ ಬದಲಿಸಿ, ಲೇಟೆಕ್ಸನ್ನು ತಲೆ-ಕಾಲು ತಿರುಗಿಸಿ ಪುನಃ ಅದರ ಮೇಲೆ ಹಾಸಿ. ತೆಗೆದ ಫೋಮನ್ನು ಕುಶನ್ ಅಂಗಡಿಗೆ ಕೊಟ್ಟರೆ ನಡುವಿನ ತಗ್ಗು ಬಿಟ್ಟು ಉಳಿದದ್ದರಲ್ಲಿ ಚಾವಡಿಯ ಕುರ್ಚಿಗಳಿಗೆ ನಾಲ್ಕು ಕುಶನ್ ಆದರೂ ಆಗುತ್ತದೆ.