ಕಾರ್ಬ್ಯುರೇಟರಿಗೆ ಗಾಳಿ: ಎಷ್ಟು ಬೇಕು, ಹೇಗೆ ಬೇಕು

2020ರ ಏಪ್ರಿಲ್ 1ರಿಂದ ಭಾರತ್ ಹಂತ-6ರ ನಿಯಮಗಳು ಜಾರಿಗೆ ಬಂದ ಮೇಲೆ ಹೊಸ ದ್ವಿಚಕ್ರ ವಾಹನಗಳಲ್ಲಿ ಇಂಧನ ಇಂಜೆಕ್ಷನ್ ವ್ಯವಸ್ಥೆಯೇ ಸಾಮಾನ್ಯವಾಗಿದೆ. ಆದರೂ ಕಾರ್ಬ್ಯುರೇಟರ್ ಇರುವ ಹಳೆಯ ಮೋಟಾರ್ ಸೈಕಲ್ಲು, ಸ್ಕೂಟರುಗಳು ಇಂದಿಗೂ ಓಡಾಡುತ್ತಿವೆ. ಇವುಗಳ ಪಿಕಪ್ ಹೆಚ್ಚಿಸುವ ಉದ್ದೇಶದಿಂದ ಏರ್ ಫಿಲ್ಟರನ್ನು ತೆಗೆದುಹಾಕುವ, ಅದರ ಪೆಟ್ಟಿಗೆಗೆ ರಂಧ್ರ ಕೊರೆಯುವ ಅಥವಾ ಶಂಕುವಿನಾಕಾರದ ತೆರೆದ ಫಿಲ್ಟರನ್ನು ಜೋಡಿಸುವ ರೂಢಿ ಉಂಟು. ಇದರ ಪರಿಣಾಮಗಳನ್ನು ವಾಹನದ ಮಾಲೀಕರು ಮೊದಲೇ ಅರಿತಿರುವುದು ಅವಶ್ಯಕ.

ಪೆಟ್ರೋಲ್ ಪೂರ್ಣವಾಗಿ ಉರಿಯಲು ಅದರ ತೂಕದ ಸುಮಾರು 14.7 ಪಟ್ಟು ಗಾಳಿ ಬೇಕು. ಅಂದರೆ ಒಂದು ಲೀಟರ್ ಪೆಟ್ರೋಲಿಗೆ ಸುಮಾರು 9,000 ಲೀಟರ್ ಗಾಳಿ. ಕಾರ್ಬ್ಯುರೇಟರಿನ ಕಿರಿದಾದ ಕಂಠದಲ್ಲಿ ಗಾಳಿ ವೇಗವಾಗಿ ಹಾಯುವಾಗ ಅಲ್ಲಿನ ಒತ್ತಡ ಕುಗ್ಗುತ್ತದೆ. ಆ ಸೆಳೆತಕ್ಕೆ ಜೆಟ್ ಎಂಬ ಸೂಕ್ಷ್ಮ ರಂಧ್ರದ ಮೂಲಕ ಪೆಟ್ರೋಲ್ ಮೇಲೇರಿ ಗಾಳಿಯೊಡನೆ ಬೆರೆಯುತ್ತದೆ. ಮೂಲ ಫಿಲ್ಟರ್ ಒಡ್ಡುವ ತಡೆಯನ್ನು ಲೆಕ್ಕಕ್ಕೆ ತೆಗೆದುಕೊಂಡೇ ತಯಾರಕರು ಜೆಟ್ಟಿನ ಅಳತೆಯನ್ನು ನಿಗದಿಪಡಿಸಿರುತ್ತಾರೆ. ತಡೆ ಇಲ್ಲವಾದಾಗ ಗಾಳಿ ಸರಾಗವಾಗಿ ನುಗ್ಗುವುದಾದರೂ ಪೆಟ್ರೋಲಿನ ಮೇಲಿನ ಸೆಳೆತ ಅದಕ್ಕೆ ತಕ್ಕಂತೆ ಹೆಚ್ಚುವುದಿಲ್ಲ. ಮಿಶ್ರಣ ತೆಳುವಾಗಿ ಎಂಜಿನ್ ಮಿತಿಮೀರಿ ಕಾಯುತ್ತದೆ, ಆಕ್ಸಿಲರೇಟರ್ ತಿರುಗಿಸಿದಾಗ ಮುಗ್ಗರಿಸುತ್ತದೆ. ಸ್ಪಾರ್ಕ್ ಪ್ಲಗ್ಗಿನ ತುದಿ ಬಿಳಿಚಿಕೊಳ್ಳುತ್ತದೆ. ಎಥೆನಾಲ್ ಬೆರೆತ ಪೆಟ್ರೋಲಿನಲ್ಲಿ ಆಮ್ಲಜನಕವೂ ಇರುವುದರಿಂದ ಈ ತೊಂದರೆ ಮತ್ತಷ್ಟು ಹೆಚ್ಚುವುದು.

ನುರಿತ ಮೆಕ್ಯಾನಿಕ್ ದೊಡ್ಡ ಜೆಟ್ ಅಳವಡಿಸಿ ಮಿಶ್ರಣವನ್ನು ಸರಿಪಡಿಸಬಲ್ಲರು. ಆದರೆ ನೂರು ಸಿ.ಸಿ.ಯ ಎಂಜಿನ್ನಿನಲ್ಲಿ ಅದರಿಂದ ದೊರೆಯುವ ಲಾಭ ಅತ್ಯಲ್ಪ. ಹೆಚ್ಚಿದ ಸದ್ದನ್ನೇ ಹಲವರು ಶಕ್ತಿಯೆಂದು ಭಾವಿಸುವುದುಂಟು! ಫಿಲ್ಟರೇ ಇಲ್ಲದ ವಾಹನದಲ್ಲಂತೂ ದೆಹಲಿಯ ಬೇಸಿಗೆಯ ಧೂಳು ನೇರವಾಗಿ ಸಿಲಿಂಡರನ್ನು ಸೇರಿ ಪಿಸ್ಟನ್ ರಿಂಗುಗಳನ್ನು ಸವೆಸುತ್ತದೆ. ಮುಂಬಯಿಯ ಮಳೆಗಾಲದಲ್ಲಿ ನೀರೂ ಒಳನುಗ್ಗಬಹುದು.

ಗಾಳಿಯ ಹರಿವಿಗೆ ನಿಜವಾದ ಅಡ್ಡಿ ಬಹುಮಟ್ಟಿಗೆ ಕೊಳೆ ಕಟ್ಟಿದ ಫಿಲ್ಟರ್. ಆಗ ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಾಗಿ ಕಪ್ಪು ಹೊಗೆ ಬರುತ್ತದೆ, ಪ್ಲಗ್ಗಿಗೆ ಮಸಿ ಹಿಡಿಯುತ್ತದೆ, ಇಂಧನವೂ ಪೋಲಾಗುತ್ತದೆ. ಸ್ಪಂಜಿನ ಫಿಲ್ಟರನ್ನು ಸಾಬೂನು ನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ, ಎಣ್ಣೆ ಹಾಕುವ ಮಾದರಿಯಾಗಿದ್ದಲ್ಲಿ ಎಣ್ಣೆಯಲ್ಲಿ ಅದ್ದಿ ಹಿಂಡಿ ಜೋಡಿಸಬೇಕು. ಪೆಟ್ರೋಲಿನಲ್ಲಿ ತೊಳೆಯಕೂಡದು, ಬೆಂಕಿಯ ಅಪಾಯವಿದೆ. ಕಾಗದದ ಫಿಲ್ಟರನ್ನು ತೊಳೆಯದೆ, ಕೈಪಿಡಿಯಲ್ಲಿ ಸೂಚಿಸಿದ ಅವಧಿಗೆ ಬದಲಾಯಿಸಬೇಕು. ಧೂಳಿನ ರಸ್ತೆಗಳಲ್ಲಿ ಓಡುವ ವಾಹನಗಳಿಗೆ ಇನ್ನೂ ಬೇಗನೆ.

ಕಾರ್ಬ್ಯುರೇಟರನ್ನು ಎಂಜಿನ್ನಿಗೆ ಜೋಡಿಸುವ ರಬ್ಬರ್ ಕೊಳವೆ ಬಿರುಕು ಬಿಟ್ಟಿದ್ದರೂ ಲೆಕ್ಕಕ್ಕೆ ಸಿಗದ ಗಾಳಿ ಒಳಸೇರುತ್ತದೆ. ವಾಹನ ನಿಂತಿರುವಾಗ ಎಂಜಿನ್ನಿನ ವೇಗ ತಾನಾಗಿ ಏರಿಳಿಯುತ್ತಿದ್ದಲ್ಲಿ ಈ ಕೊಳವೆಯನ್ನೂ ಪರಿಶೀಲಿಸತಕ್ಕದ್ದು.