ಕೀಲಿಯೇ ವಿಳಾಸವಾದ ಬಗೆ

ಅಂತರಜಾಲದಲ್ಲಿ ಯಾವುದೇ ಯಂತ್ರಕ್ಕೆ ವಿಳಾಸ ದೊರೆಯುವುದು ಮೇಲಿನಿಂದ ಕೆಳಕ್ಕೆ ಇಳಿದು ಬರುವ ಒಂದು ವ್ಯವಸ್ಥೆಯ ಮೂಲಕ. ಜಗತ್ತಿನ ಐಪಿ ವಿಳಾಸಗಳ ಮೂಲ ದಾಸ್ತಾನನ್ನು ನೋಡಿಕೊಳ್ಳುವ ಐಯಾನಾ ಸಂಸ್ಥೆ ಅವುಗಳನ್ನು ಐದು ಪ್ರಾದೇಶಿಕ ನೋಂದಣಿ ಸಂಸ್ಥೆಗಳಿಗೆ ಹಂಚುತ್ತದೆ. ಏಷ್ಯಾ ಮತ್ತು ಪೆಸಿಫಿಕ್ ಭಾಗದ ಹೊಣೆ ಹೊತ್ತ, ಬ್ರಿಸ್ಬೇನ್ ನಗರದಲ್ಲಿರುವ ಏಪ್ನಿಕ್‌ನಿಂದ ಭಾರತದ ಐರಿನ್‌ಗೆ, ಅಲ್ಲಿಂದ ಸೇವಾದಾರ ಕಂಪನಿಗೆ, ಕಂಪನಿಯಿಂದ ಮನೆಯ ರೂಟರಿಗೆ ಬರುವಷ್ಟರಲ್ಲಿ ವಿಳಾಸವು ಹಲವರ ಕೈ ದಾಟಿರುತ್ತದೆ. ಹಳೆಯ ಐಪಿ ವಿಳಾಸ 32 ಬಿಟ್‌ಗಳದು. ಹೀಗೆ ಸಾಧ್ಯವಾಗುವ ಸುಮಾರು 429 ಕೋಟಿ ವಿಳಾಸಗಳ ಪೈಕಿ ಐಯಾನಾ ಬಳಿ ಉಳಿದಿದ್ದ ಕೊನೆಯ ದೊಡ್ಡ ಗುಚ್ಛಗಳು 2011ರ ಫೆಬ್ರುವರಿ 3ರಂದು ಹಂಚಿಹೋದವು. ಅದರ ಫಲವಾಗಿ ಇಂದು ಲೆಕ್ಕವಿಲ್ಲದಷ್ಟು ಯಂತ್ರಗಳು ಒಂದೇ ಸಾರ್ವಜನಿಕ ವಿಳಾಸದ ಮರೆಯಲ್ಲಿ, ನ್ಯಾಟ್ ಎಂಬ ವ್ಯವಸ್ಥೆಯ ಹಿಂದೆ ಇವೆ. ಅವು ಹೊರಗಿನವರನ್ನು ಕರೆಯಬಲ್ಲವು, ಆದರೆ ಹೊರಗಿನವರು ಅವುಗಳನ್ನು ನೇರವಾಗಿ ಕರೆಯಲಾರರು.

ವಿಳಾಸ ಕೊಡುವ ಕೈಗೆ ಅದನ್ನು ಅಳಿಸುವ ಶಕ್ತಿಯೂ ಇರುತ್ತದೆ. 2011ರ ಜನವರಿ 27ರ ರಾತ್ರಿ ಈಜಿಪ್ಟಿನ ಪ್ರಮುಖ ಸೇವಾದಾರ ಕಂಪನಿಗಳು ಸರ್ಕಾರದ ಆದೇಶದಂತೆ ತಮ್ಮ ಜಾಲಗಳಿಗೆ ಹೋಗುವ ದಾರಿಗಳ ಘೋಷಣೆಯನ್ನು ಒಂದರ ಹಿಂದೊಂದರಂತೆ ಹಿಂತೆಗೆದುಕೊಂಡಾಗ, ಆ ದೇಶದ ಬಹುಪಾಲು ಭಾಗ ಕೆಲವೇ ನಿಮಿಷಗಳಲ್ಲಿ ಅಂತರಜಾಲದ ನಕ್ಷೆಯಿಂದ ಮರೆಯಾಯಿತು. ವಿಕೇಂದ್ರೀಕೃತ, ಗೂಢಲಿಪೀಕೃತ ಮೆಶ್ ಜಾಲಗಳ ಮುಕ್ತ ತಂತ್ರಾಂಶಗಳಿಗೆ ಅದೇ ವರ್ಷದಿಂದ ಹೊಸ ಹುರುಪು ಬಂದದ್ದು ಆಕಸ್ಮಿಕವಾಗಿರಲಾರದು. ಮೆಶ್ ಎಂದರೆ ಪ್ರತಿಯೊಂದು ಯಂತ್ರವೂ ತನ್ನ ಸಂದೇಶವನ್ನು ಕಳಿಸುವುದರ ಜೊತೆಗೆ ನೆರೆಯ ಯಂತ್ರಗಳ ಸಂದೇಶವನ್ನೂ ಮುಂದಕ್ಕೆ ದಾಟಿಸುವ ಜಾಲ. ಇಂಥ ತಂತ್ರಾಂಶಗಳನ್ನು ಹೋಲಿಸುವಾಗ ವೇಗ, ಅನುಸ್ಥಾಪನೆಯ ಸುಲಭತೆ, ಗೂಢಲಿಪಿಯ ಬಲ ಇವುಗಳ ಮೇಲೆಯೇ ಎಲ್ಲರ ಕಣ್ಣು ಬೀಳುತ್ತದೆ. ಆದರೆ ಅವುಗಳ ನಡುವಿನ ನಿಜವಾದ ಭೇದ ತಿಳಿಯಬೇಕಾದರೆ ಕೇಳಬೇಕಾದ ಪ್ರಶ್ನೆಗಳು ಎರಡು: ಹೊಸದಾಗಿ ಬಂದ ಯಂತ್ರಕ್ಕೆ ವಿಳಾಸ ಕೊಡುವವರು ಯಾರು, ಅದನ್ನು ತಲುಪುವ ದಾರಿಯನ್ನು ಬಲ್ಲವರು ಯಾರು.

ಕೇಂದ್ರವಿಲ್ಲದ ಜಾಲದ ಕಲ್ಪನೆ ಅಂತರಜಾಲಕ್ಕಿಂತ ಹಳೆಯದು. ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿದ್ದ ಪಾಲ್ ಬರನ್ 1964ರಲ್ಲಿ ಪ್ರಕಟಿಸಿದ ವರದಿಗಳಲ್ಲಿ, ಅಣುದಾಳಿಯಲ್ಲಿ ಹಲವು ಕೊಂಡಿಗಳು ನಾಶವಾದರೂ ಉಳಿದವುಗಳ ಮೂಲಕ ಸಂದೇಶ ತುಣುಕು ತುಣುಕಾಗಿ ಹರಿಯಬಲ್ಲ ಬಲೆಯಂಥ ಜಾಲವನ್ನು ಲೆಕ್ಕಾಚಾರಸಮೇತ ವಿವರಿಸಿದ್ದರು. ತುಣುಕುಗಳಾಗಿ ಕಳಿಸುವ ತತ್ತ್ವವನ್ನು ಅಂತರಜಾಲ ಅಳವಡಿಸಿಕೊಂಡಿತಾದರೂ, ಅದರ ಕೊಂಡಿಗಳು ಕ್ರಮೇಣ ಕೆಲವೇ ಕಂಪನಿಗಳ ಕೈಸೇರಿದವು. ಬಲೆಯ ಆಕಾರ ಮತ್ತೆ ಜೀವ ಪಡೆದದ್ದು 2000ದ ದಶಕದ ಆರಂಭದಲ್ಲಿ, ಅಗ್ಗದ ವೈಫೈ ರೂಟರುಗಳನ್ನು ಮಹಡಿಗಳ ಮೇಲೆ ನಿಲ್ಲಿಸಿ ತಮ್ಮದೇ ಜಾಲ ಕಟ್ಟಿಕೊಂಡ ನಾಗರಿಕರ ಕೈಯಲ್ಲಿ. ಬರ್ಲಿನ್ನಿನ ಫ್ರೈಫುಂಕ್ ಮತ್ತು 2004ರಲ್ಲಿ ಕ್ಯಾಟಲೋನಿಯಾದ ಹಳ್ಳಿಗಾಡಿನಲ್ಲಿ ಹುಟ್ಟಿದ ಗೀಫಿ ಇವುಗಳಲ್ಲಿ ಪ್ರಮುಖವಾದವು. ಗೀಫಿ ಮುಂದೆ 30 ಸಾವಿರಕ್ಕೂ ಮೀರಿದ ಸಂಪರ್ಕಬಿಂದುಗಳ ಜಾಲವಾಗಿ ಬೆಳೆಯಿತು. ಕರ್ನಾಟಕದಲ್ಲಿಯೂ ತುಮಕೂರು ಜಿಲ್ಲೆಯ ದೇವರಾಯನದುರ್ಗದ ಸುತ್ತಿನ ಹಳ್ಳಿಗಳಲ್ಲಿ ಬೆಂಗಳೂರಿನ ಜನಸ್ತು ಸಂಸ್ಥೆ ಸಮುದಾಯದ ಒಡೆತನದ ವೈಫೈ ಮೆಶ್ ಪ್ರಯೋಗವನ್ನು ನಡೆಸಿದೆ.

ಫ್ರೈಫುಂಕ್ ಬಳಗದಿಂದ ಬಂದ ಬ್ಯಾಟ್‌ಮನ್ ಎಂಬ ದಾರಿ ಹುಡುಕುವ ವಿಧಾನ 2011ರಲ್ಲಿ ಲಿನಕ್ಸ್ ಕರ್ನಲ್‌ನೊಳಕ್ಕೆ ಸೇರಿತು. ಅದರ ಉಪಾಯ ಸರಳವಾದರೂ ಜಾಣತನದ್ದು. ಯಾವ ಯಂತ್ರವೂ ಇಡೀ ಜಾಲದ ನಕ್ಷೆಯನ್ನು ಇಟ್ಟುಕೊಳ್ಳುವುದಿಲ್ಲ. ಪ್ರತಿಯೊಂದೂ ತನ್ನ ಇರವನ್ನು ಆಗಾಗ ಸಾರುತ್ತದೆ, ಇಂಥವರ ಸಾರಿಕೆ ಯಾವ ನೆರೆಯವನ ಮೂಲಕ ಚೆನ್ನಾಗಿ ಕೇಳಿಬಂತು ಎಂಬುದನ್ನಷ್ಟೇ ಉಳಿದವು ನೆನಪಿಡುತ್ತವೆ. ಆದರೆ ಇವೆಲ್ಲ ನೆರೆಹೊರೆಯ ವಿಶ್ವಾಸದ ಮೇಲೆ ನಿಂತ ಜಾಲಗಳು. ಬ್ಯಾಟ್‌ಮನ್ ತಾನಾಗಿ ಏನನ್ನೂ ಗೂಢಲಿಪಿಗೆ ಇಳಿಸುವುದಿಲ್ಲ, ಸಾರಿದವನು ತಾನು ಹೇಳಿಕೊಂಡವನೇ ಹೌದೇ ಎಂದು ಪರೀಕ್ಷಿಸುವುದೂ ಇಲ್ಲ.

ಗೂಢಲಿಪಿಯ ಕಡೆಯಿಂದ ಮೆಶ್‌ನತ್ತ ಬಂದ ಮೊದಲಿಗರಲ್ಲಿ ಒಂದು, 1998ರಲ್ಲಿ ನೆದರ್ಲೆಂಡ್ಸ್‌ನ ಗುಸ್ ಸ್ಲೀಪೆನ್ ಮತ್ತು ಇವೊ ಟಿಮ್ಮರ್‌ಮನ್ಸ್ ಆರಂಭಿಸಿದ ಟಿಂಕ್. ಅಂದಿನ ಖಾಸಗಿ ಜಾಲ ತಂತ್ರಾಂಶಗಳು ಎಲ್ಲ ಸಂಚಾರವನ್ನೂ ಒಂದು ನಡುವಣ ಸರ್ವರಿನ ಮೂಲಕ ಹಾಯಿಸುತ್ತಿದ್ದಾಗ, ಟಿಂಕ್ ಸದಸ್ಯ ಯಂತ್ರಗಳು ಒಬ್ಬರನ್ನೊಬ್ಬರು ಕಂಡುಕೊಂಡು ಸಾಧ್ಯವಾದಲ್ಲೆಲ್ಲ ನೇರವಾಗಿ ಮಾತನಾಡುವಂತೆ ಮಾಡಿತು. ಆದರೆ ವಿಳಾಸಗಳನ್ನು ಯಾರಾದರೊಬ್ಬರು ಕೂತು ಹಂಚಬೇಕಿತ್ತು, ಮತ್ತು ಜಾಲದಲ್ಲಾಗುವ ಪ್ರತಿ ಬದಲಾವಣೆಯ ಸುದ್ದಿ ಎಲ್ಲರಿಗೂ ತಲುಪಬೇಕಿದ್ದುದರಿಂದ ಅದು ಪರಸ್ಪರ ಬಲ್ಲವರ ಸಣ್ಣ ಬಳಗಕ್ಕೆ ಮಾತ್ರ ಒಪ್ಪುವಂತಿತ್ತು.

ವಿಳಾಸವನ್ನು ಯಾರೂ ಕೊಡಬೇಕಾಗಿಯೇ ಇಲ್ಲ ಎಂಬ ಯೋಚನೆಯ ಬೇರು ಸಾರ್ವಜನಿಕ ಕೀಲಿಯ ಗೂಢಲಿಪಿಯಲ್ಲಿದೆ. ಈ ಪದ್ಧತಿಯಲ್ಲಿ ಪ್ರತಿ ಯಂತ್ರವೂ ಎರಡು ಕೀಲಿಗಳನ್ನು ತಾನೇ ಸೃಷ್ಟಿಸಿಕೊಳ್ಳುತ್ತದೆ. ಖಾಸಗಿ ಕೀಲಿಯನ್ನು ತನ್ನಲ್ಲೇ ಗುಟ್ಟಾಗಿಟ್ಟು, ಸಾರ್ವಜನಿಕ ಕೀಲಿಯನ್ನು ಎಲ್ಲರಿಗೂ ತೋರಿಸುತ್ತದೆ. ಖಾಸಗಿ ಕೀಲಿ ಕೈಯಲ್ಲಿರುವವರು ಮಾತ್ರ ಅದಕ್ಕೆ ಜೋಡಿಯಾದ ಸಾರ್ವಜನಿಕ ಕೀಲಿ ತಮ್ಮದೆಂದು ಸಾಬೀತುಪಡಿಸಬಲ್ಲರು. ಡೇವಿಡ್ ಮಾಜಿಯೆರ್ 1999ರ ಹೊತ್ತಿಗೆ ರೂಪಿಸಿದ ಕಡತ ವ್ಯವಸ್ಥೆಯೊಂದರಲ್ಲಿ ಸರ್ವರಿನ ಹೆಸರಿನೊಳಗೇ ಅದರ ಸಾರ್ವಜನಿಕ ಕೀಲಿಯ ಹ್ಯಾಶ್, ಅಂದರೆ ಗಣಿತದ ಮೂಲಕ ಪಡೆದ ಚಿಕ್ಕ ಗುರುತುಮುದ್ರೆ, ಅಡಕವಾಗಿತ್ತು. ಹೆಸರು ಗೊತ್ತಿದ್ದರೆ ಸಾಕು, ಮೂರನೆಯವರ ಪ್ರಮಾಣಪತ್ರವಿಲ್ಲದೆ ಸರ್ವರಿನ ಗುರುತನ್ನು ಪರೀಕ್ಷಿಸಬಹುದಿತ್ತು. 2005ರಲ್ಲಿ 128 ಬಿಟ್‌ಗಳ ಹೊಸ ಬಗೆಯ ಐಪಿ ವಿಳಾಸದ ಕೊನೆಯ 64 ಬಿಟ್‌ಗಳನ್ನು ಕೀಲಿಯಿಂದ ಪಡೆಯುವ ವಿಧಾನವೊಂದು ಅಧಿಕೃತ ಮಾನಕವಾಯಿತಾದರೂ, ವಿಳಾಸದ ಮೊದಲ ಅರ್ಧ ಮತ್ತೆ ಸೇವಾದಾರರ ಕೈಯಲ್ಲೇ ಉಳಿಯಿತು. ಡೇನಿಯಲ್ ಬರ್ನ್‌ಸ್ಟೈನ್ 2006ರಲ್ಲಿ ಪ್ರಕಟಿಸಿದ ಕರ್ವ್25519 ಎಂಬ ವಿಧಾನವು ಕೀಲಿಯ ಉದ್ದವನ್ನು ಕೇವಲ 32 ಬೈಟ್‌ಗಳಿಗೆ ಇಳಿಸಿ, ಅಗ್ಗದ ರೂಟರಿನ ಸಣ್ಣ ಪ್ರೊಸೆಸರಿಗೂ ಈ ಲೆಕ್ಕ ಭಾರವಾಗದಂತೆ ಮಾಡಿದ್ದು ಮುಂದಿನ ಹೆಜ್ಜೆಗೆ ದಾರಿ ತೆರೆಯಿತು.

ಆ ಹೆಜ್ಜೆಯನ್ನು ಪೂರ್ತಿಯಾಗಿ ಇಟ್ಟದ್ದು ಕೇಲೆಬ್ ಜೇಮ್ಸ್ ಡಿಲೈಲ್ 2011ರ ಸುಮಾರಿಗೆ ಹೊರತಂದ ಸಿಜೆಡಿಎನ್‌ಎಸ್. ಇದರಲ್ಲಿ ಯಂತ್ರವು ಮೊದಲು ಕೀಲಿಜೋಡಿಯೊಂದನ್ನು ಸೃಷ್ಟಿಸಿ, ಸಾರ್ವಜನಿಕ ಕೀಲಿಯನ್ನು ಎಸ್‌ಎಚ್‌ಎ-512 ಎಂಬ ಹ್ಯಾಶ್ ವಿಧಾನಕ್ಕೆ ಎರಡು ಬಾರಿ ಒಳಪಡಿಸಿ, ಬಂದ ಫಲದ ಮೊದಲ 16 ಬೈಟ್‌ಗಳನ್ನು ತೆಗೆದುಕೊಳ್ಳುತ್ತದೆ. ಆ 16 ಬೈಟ್‌ಗಳೆಂದರೆ 128 ಬಿಟ್‌ಗಳು. ಹೊಸ ಐಪಿ ವಿಳಾಸದ, ಅಂದರೆ ಐಪಿವಿ6ನ ಉದ್ದವೂ ಅಷ್ಟೇ. ವಿಳಾಸದ ಮೊದಲ ಬೈಟ್ ‘ಎಫ್‌ಸಿ’ ಆಗಿಯೇ ಇರಬೇಕೆಂಬ ನಿಯಮವಿರುವುದರಿಂದ, ಹಾಗೆ ಬಾರದಿದ್ದರೆ ಆ ಕೀಲಿಜೋಡಿಯನ್ನು ಬಿಟ್ಟು ಇನ್ನೊಂದನ್ನು ಸೃಷ್ಟಿಸಬೇಕಾಗುತ್ತದೆ; ಸರಾಸರಿ 256 ಯತ್ನಗಳಿಗೊಮ್ಮೆ ಸರಿಯಾದದ್ದು ಸಿಗುತ್ತದೆ, ಕಂಪ್ಯೂಟರಿಗೆ ಇದು ಕಣ್ಣು ಮಿಟುಕಿಸುವಷ್ಟರ ಕೆಲಸ. ಯಾವ ಕಚೇರಿಗೂ ಅರ್ಜಿ ಹಾಕದೆ, ಯಾರಿಗೂ ಶುಲ್ಕ ಕಟ್ಟದೆ, ಜಗತ್ತಿನಲ್ಲಿ ಮತ್ತೊಬ್ಬರಿಗೆ ಸಿಗುವ ಸಂಭವವೇ ಇಲ್ಲವೆನ್ನಬಹುದಾದ ವಿಳಾಸವೊಂದು ಹೀಗೆ ಹುಟ್ಟುತ್ತದೆ. ಕಳಿಸುವವನಿಂದ ಪಡೆಯುವವನವರೆಗೆ ಒಂದು ಗೂಢಲಿಪಿ, ದಾರಿಯಲ್ಲಿನ ಪ್ರತಿ ನೆರೆಯವನೊಡನೆ ಇನ್ನೊಂದು ಎಂಬಂತೆ ಸಂದೇಶಕ್ಕೆ ಎರಡು ಹೊದಿಕೆ. ಇದನ್ನು ಬಳಸಿ ಕಟ್ಟಿದ ಜಾಲಕ್ಕೆ ಹೈಪರ್‌ಬೋರಿಯಾ ಎಂಬ ಹೆಸರು ಬಂತು.

ಮೊದಲ ಪ್ರಶ್ನೆಗೆ ಸಿಜೆಡಿಎನ್‌ಎಸ್ ಕೊಟ್ಟ ಉತ್ತರ ನಿರ್ದೋಷವಾಗಿತ್ತು. ಎರಡನೆಯ ಪ್ರಶ್ನೆ ಅದನ್ನು ಕಾಡಿತು. ಕೀಲಿಯಿಂದ ಬಂದ ವಿಳಾಸ ‘ಯಾರು’ ಎಂಬುದನ್ನು ಹೇಳುತ್ತದೆ, ‘ಎಲ್ಲಿ’ ಎಂಬುದರ ಸುಳಿವನ್ನೇ ಕೊಡುವುದಿಲ್ಲ. ಬೆಂಗಳೂರಿನ ಎರಡು ನೆರೆಮನೆಗಳ ವಿಳಾಸಗಳ ನಡುವೆ ಯಾವ ಹೋಲಿಕೆಯೂ ಇರುವುದಿಲ್ಲ. ದಾರಿಗಳ ಮಾಹಿತಿಯನ್ನು ಎಲ್ಲ ಯಂತ್ರಗಳಲ್ಲಿ ಹಂಚಿಡುವ ವಿತರಿತ ಕೋಷ್ಟಕವನ್ನು ಸಿಜೆಡಿಎನ್‌ಎಸ್ ನೆಚ್ಚಿತು. ಅದಕ್ಕೆ ಮಾದರಿಯಾದ ಕಾಡೆಮ್ಲಿಯಾ 2002ರಲ್ಲಿ ಪೆಟರ್ ಮೈಮುಂಕೊವ್ ಮತ್ತು ಅದೇ ಡೇವಿಡ್ ಮಾಜಿಯೆರ್ ರೂಪಿಸಿದ್ದು. ಆದರೆ ಕಾಡೆಮ್ಲಿಯಾ ರಚನೆಯಾದದ್ದು ಎಲ್ಲರೂ ಎಲ್ಲರನ್ನೂ ನೇರವಾಗಿ ತಲುಪಬಲ್ಲ ಅಂತರಜಾಲದ ಮೇಲೆ ಓಡಲೆಂದು. ತಲುಪುವುದೇ ಸಮಸ್ಯೆಯಾಗಿರುವ ಮೆಶ್‌ನಲ್ಲಿ ಅದು ಎಡವುತ್ತಿತ್ತು. ಕೊಂಡಿಯೊಂದು ಕಳಚಿದರೆ ಕೋಷ್ಟಕದಲ್ಲಿನ ಹಳೆಯ ದಾರಿಗಳು ಸತ್ತೇಹೋಗುತ್ತಿದ್ದವು. ಕೊನೆಗೆ, ದಾರಿಗಳ ಲೆಕ್ಕವನ್ನು ಇಟ್ಟು ಕೇಳಿದವರಿಗೆ ಹೇಳುವ ವಿಶೇಷ ಯಂತ್ರಗಳನ್ನು ನಂತರದ ಆವೃತ್ತಿಗಳಲ್ಲಿ ತರಬೇಕಾಯಿತು. ಕೇಂದ್ರವನ್ನು ಹೊರಗಿಟ್ಟು ಹೊರಟ ಯೋಜನೆಯೊಳಗೆ ಕೇಂದ್ರದ ಅಂಶವೊಂದು ಹೀಗೆ ಮರಳಿ ಬಂತು.

ಈ ಅನುಭವದ ಹಿನ್ನೆಲೆಯಲ್ಲಿ 2018ರ ಸುಮಾರಿಗೆ ಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ರೂಪುಗೊಂಡದ್ದು ಇಗ್‌ಡ್ರಸಿಲ್. ಇಲ್ಲಿಯೂ ವಿಳಾಸ ಕೀಲಿಯಿಂದಲೇ ಬರುತ್ತದೆ; ದಾರಿಗಾಗಿ ಜಾಲದ ಎಲ್ಲ ಯಂತ್ರಗಳೂ ಸೇರಿ ಒಂದು ಮರವನ್ನು ಕಟ್ಟುತ್ತವೆ. ಬೇರಿನ ಸ್ಥಾನ ಯಾರದೆಂಬುದು ಕೀಲಿಗಳನ್ನು ಸಂಖ್ಯೆಗಳಾಗಿ ಹೋಲಿಸುವುದರಿಂದ ನಿರ್ಧಾರವಾಗುತ್ತದೆ, ಆ ಸ್ಥಾನಕ್ಕೆ ಅಧಿಕಾರವೇನೂ ಇಲ್ಲ, ಬೇರಾದ ಯಂತ್ರ ನಿಂತುಹೋದರೆ ಇನ್ನೊಂದು ಅಲ್ಲಿಗೆ ಬರುತ್ತದೆ. ಬೇರಿನಿಂದ ತನ್ನವರೆಗಿನ ಕವಲುಗಳ ಸಾಲೇ ಪ್ರತಿ ಯಂತ್ರದ ನೆಲೆ. ವಂಶವೃಕ್ಷದಲ್ಲಿ ಇಬ್ಬರ ಪೂರ್ವಜರ ಸಾಲನ್ನು ನೋಡಿ ಅವರ ಸಂಬಂಧದ ದೂರವನ್ನು ಎಣಿಸುವಂತೆ, ಎರಡು ನೆಲೆಗಳನ್ನು ಹೋಲಿಸಿದರೆ ಅವುಗಳ ನಡುವಿನ ದೂರ ಗೊತ್ತಾಗುತ್ತದೆ. ಪ್ಯಾಕೆಟ್, ಅಂದರೆ ಸಂದೇಶದ ತುಣುಕು, ಬಂದಾಗ ಗುರಿಗೆ ಅತಿ ಸಮೀಪದ ನೆರೆಯವನಿಗೆ ಅದನ್ನು ದಾಟಿಸಿದರೆ ಸಾಕು. ಇಂಥ ಕೀಲಿಯವನ ನೆಲೆ ಯಾವುದು ಎಂದು ಹುಡುಕಲು ಮೊದಲು ವಿತರಿತ ಕೋಷ್ಟಕವನ್ನೇ ಬಳಸುತ್ತಿದ್ದರು. 2023ರಲ್ಲಿ ಬಂದ 0.5 ಆವೃತ್ತಿ ಅದನ್ನು ಕೈಬಿಟ್ಟು ಬ್ಲೂಮ್ ಸೋಸುಗವನ್ನು ತಂದಿತು. ಈ ಸೋಸುಗವು ‘ಈ ಕವಲಿನಲ್ಲಿ ಆ ಕೀಲಿ ಖಂಡಿತ ಇಲ್ಲ’ ಅಥವಾ ‘ಇರಬಹುದು’ ಎಂದು ಮಾತ್ರ ಹೇಳಬಲ್ಲ ಪುಟ್ಟ ಸಾರಾಂಶ; ಹುಡುಕಾಟದ ಪ್ರಶ್ನೆ ‘ಇರಬಹುದು’ ಎಂದ ಕವಲುಗಳಿಗಷ್ಟೇ ಹೋಗುತ್ತದೆ. ಮರದ ದಾರಿ ಯಾವಾಗಲೂ ಅತಿ ಹತ್ತಿರದ ದಾರಿಯಾಗಿರುವುದಿಲ್ಲ ಎಂಬುದು ಇದಕ್ಕೆ ತೆರಬೇಕಾದ ಬೆಲೆ. ಆದರೂ ವಿಶೇಷ ಯಂತ್ರಗಳ ನೆರವಿಲ್ಲದೆ ಎರಡೂ ಪ್ರಶ್ನೆಗಳಿಗೆ ಉತ್ತರ ಕೊಡುವ ಈ ರಚನೆಯೇ ಇಂದಿನ ಮುಕ್ತ ತಂತ್ರಾಂಶಗಳ ಪೈಕಿ ಮೂಲ ಆದರ್ಶಕ್ಕೆ ಹೆಚ್ಚು ನಿಷ್ಠವಾದದ್ದೆನ್ನಬೇಕು.

ಇದೇ ಅವಧಿಯಲ್ಲಿ ಇನ್ನೊಂದು ಪರಂಪರೆ ಬೆಳೆದು ಹೆಚ್ಚು ಜನರನ್ನು ತಲುಪಿತು. ಜೇಸನ್ ಡೊನೆನ್‌ಫೆಲ್ಡ್ ರಚಿಸಿದ ವೈರ್‌ಗಾರ್ಡ್, ಕೇವಲ ನಾಲ್ಕು ಸಾವಿರ ಸಾಲುಗಳ ಆಸುಪಾಸಿನ ಸಂಕೇತದಿಂದಾಗಿ ಒಬ್ಬರೇ ಕೂತು ಓದಿ ಪರಿಶೀಲಿಸಬಹುದಾದಷ್ಟು ಚೊಕ್ಕವಾಗಿತ್ತು. 2020ರ ಮಾರ್ಚ್‌ನಲ್ಲಿ ಲಿನಕ್ಸ್ ಕರ್ನಲ್ 5.6ರ ಭಾಗವಾಯಿತು. ಆದರೆ ಅದು ಎರಡು ಯಂತ್ರಗಳ ನಡುವಿನ ಸುರಂಗ ಮಾತ್ರ. ಹತ್ತು ಯಂತ್ರಗಳು ಪರಸ್ಪರ ನೇರವಾಗಿ ಮಾತನಾಡಬೇಕಾದರೆ 45 ಜೋಡಿಗಳು, ನೂರಾದರೆ 4,950 ಜೋಡಿಗಳು ಕೀಲಿಗಳನ್ನು ಬದಲಾಯಿಸಿಕೊಳ್ಳಬೇಕು. ಆ ಶ್ರಮವನ್ನು ತಪ್ಪಿಸಲು ವೈರ್‌ಗಾರ್ಡ್ ಮೇಲೆ ಕಟ್ಟಿದ ಟೇಲ್‌ಸ್ಕೇಲ್, ಕೀಲಿಗಳ ಪಟ್ಟಿಯನ್ನು ಕಂಪನಿಯ ಸರ್ವರಿನಲ್ಲಿ ಇಡುತ್ತದೆ. ಆ ಸರ್ವರಿನ ತಂತ್ರಾಂಶ ಮುಕ್ತವಲ್ಲವಾದ್ದರಿಂದ ಅದರ ಜಾಗದಲ್ಲಿ ಸ್ವಂತವಾಗಿ ನಡೆಸಬಹುದಾದ ಹೆಡ್‌ಸ್ಕೇಲ್ ಹುಟ್ಟಿತು. ಸ್ಲ್ಯಾಕ್ ಕಂಪನಿಯ ಎಂಜಿನಿಯರುಗಳು ರೂಪಿಸಿ 2019ರಲ್ಲಿ ಮುಕ್ತಗೊಳಿಸಿದ ನೆಬ್ಯುಲಾ ಬೇರೊಂದು ಬಗೆ ಹಿಡಿಯಿತು: ಜಾಲದ ಒಡೆಯರು ಪ್ರತಿ ಯಂತ್ರಕ್ಕೂ ಸಹಿ ಮಾಡಿದ ಪ್ರಮಾಣಪತ್ರ ಕೊಡುತ್ತಾರೆ, ದೀಪಸ್ತಂಭವೆಂದು ಕರೆಯುವ ಒಂದೆರಡು ಯಂತ್ರಗಳು ಯಾರು ಎಲ್ಲಿದ್ದಾರೆಂದು ತಿಳಿಸುತ್ತವೆ, ಸಂದೇಶಗಳು ಮಾತ್ರ ನೇರವಾಗಿಯೇ ಹರಿಯುತ್ತವೆ. ಇವುಗಳಲ್ಲಿ ಯಾವುದನ್ನೂ ಕೀಳೆನ್ನಲಾಗದು. ಕೆಲಸ ಬಿಟ್ಟ ನೌಕರನ ಲ್ಯಾಪ್‌ಟಾಪನ್ನು ಅಂದೇ ಜಾಲದಿಂದ ಹೊರಗಿಡಬೇಕಾದ ಸಂಸ್ಥೆಗೆ ಪಟ್ಟಿ ಇಡುವ ಒಡೆಯ ಬೇಕೇ ಬೇಕು. ಇಗ್‌ಡ್ರಸಿಲ್‌ನ ಸಾರ್ವಜನಿಕ ಜಾಲದಿಂದ ಯಾರನ್ನೂ ಹೊರಹಾಕಲು ಬರುವುದಿಲ್ಲ.

ಎರಡು ಭ್ರಮೆಗಳನ್ನು ಇಲ್ಲಿ ದೂರಮಾಡಬೇಕಾಗಿದೆ. ಗೂಢಲಿಪಿಯು ಸಂದೇಶದ ಒಳಗನ್ನು ಮರೆಮಾಡುತ್ತದೆಯೇ ಹೊರತು ಕಳಿಸಿದವರನ್ನಲ್ಲ. ಅನಾಮಿಕತೆಯನ್ನು ಈ ಯಾವ ತಂತ್ರಾಂಶವೂ ಕೊಡುವುದಿಲ್ಲ, ಇಗ್‌ಡ್ರಸಿಲ್‌ನ ನೇರ ನೆರೆಯವರಿಗೆ ಯಂತ್ರದ ಸಾಮಾನ್ಯ ಐಪಿ ವಿಳಾಸ ಕಾಣುತ್ತಲೇ ಇರುತ್ತದೆ. ಹಾಗೆಯೇ, ಇಂದಿನ ಇಗ್‌ಡ್ರಸಿಲ್ ಕೊಂಡಿಗಳಲ್ಲಿ ಹೆಚ್ಚಿನವು ಸಾಮಾನ್ಯ ಅಂತರಜಾಲದ ಮೇಲೆಯೇ ಹಾಯುವುದರಿಂದ, ಸೇವಾದಾರರ ಕೇಬಲ್ ಕಡಿದರೆ ಅವೂ ಕಡಿಯುತ್ತವೆ. ಈಜಿಪ್ಟಿನಂಥ ಸ್ಥಿತಿಯಲ್ಲಿ ಜಾಲ ಉಳಿಯಬೇಕಾದರೆ ಫ್ರೈಫುಂಕ್ ಮತ್ತು ದೇವರಾಯನದುರ್ಗದ ಮಾದರಿಯ ಸ್ವಂತ ರೇಡಿಯೊ ಕೊಂಡಿಗಳು ಕೆಳಗಿರಲೇಬೇಕು.

ಸಣ್ಣ ಕಚೇರಿ ಅಥವಾ ಕುಟುಂಬದ ಹತ್ತಾರು ಯಂತ್ರಗಳಿಗೆ ಹೆಡ್‌ಸ್ಕೇಲ್ ಅಥವಾ ನೆಬ್ಯುಲಾ ಸಾಕು. ಅಪರಿಚಿತರೂ ಸೇರಬಹುದಾದ, ಒಡೆಯನಿಲ್ಲದ ಜಾಲವನ್ನು ಕಟ್ಟುವವರು ಇಗ್‌ಡ್ರಸಿಲ್ ಅನ್ನು ಆರಿಸಿಕೊಳ್ಳುವುದು ಮೇಲು. ಹಾಗೆ ಆರಿಸಿಕೊಂಡವರು ಮೊದಲ ದಿನವೇ ಎರಡು ಕೆಲಸ ಮಾಡಬೇಕು. ಇದುವರೆಗೆ ನ್ಯಾಟ್ ಮರೆಯಲ್ಲಿದ್ದ ಯಂತ್ರ ಈಗ ಜಾಲದ ಎಲ್ಲರಿಗೂ ನೇರವಾಗಿ ಸಿಗುವುದರಿಂದ ಫೈರ್‌ವಾಲ್ ಹಾಕಿಕೊಳ್ಳಬೇಕು. ಖಾಸಗಿ ಕೀಲಿ ಇರುವ ಕಡತದ ಪ್ರತಿಯೊಂದನ್ನು ಬೇರೆ ಕಡೆ ಭದ್ರವಾಗಿ ಇಟ್ಟುಕೊಳ್ಳಬೇಕು, ಏಕೆಂದರೆ ಅದು ಕಳೆದುಹೋದರೆ ವಿಳಾಸವೂ ಹೋದಂತೆಯೇ, ಅದನ್ನು ಮರಳಿ ಕೊಡಿಸುವ ಕಚೇರಿ ಎಲ್ಲಿಯೂ ಇಲ್ಲ.