ಅಣ್ಣಿಗೇರಿ ಬಸದಿಯ ಕಥೆ ಹೇಳುವ ಗಾವರವಾಡದ ಕಲ್ಲು

ಹಿಂದೆ ನವಲಗುಂದ ತಾಲ್ಲೂಕಿಗೆ ಸೇರಿದ್ದ ಅಣ್ಣಿಗೇರಿ, ಆದಿಕವಿ ಪಂಪನ ತಾಯಿ ಅಬ್ಬಣಬ್ಬೆಯ ಕಡೆಯ ಊರು. ಇಲ್ಲಿನ ಪಾರ್ಶ್ವನಾಥ ಬಸದಿಯ ದರ್ಶನಕ್ಕೆ ಬರುವ ಶ್ರಾವಕ ಬಂಧುಗಳು ಇನ್ನೊಂದು ಸಂಗತಿಯನ್ನೂ ತಿಳಿದಿರಬೇಕು.

10ನೇ ಶತಮಾನದಲ್ಲಿ ಗಂಗರ ದೊರೆ ಬೂತುಗ ತನ್ನ ತಂದೆಯ ನೆನಪಿಗಾಗಿ ಅಣ್ಣಿಗೇರಿಯಲ್ಲಿ ಗಂಗಪೆರ್ಮಾಡಿ ಜಿನಾಲಯ ಕಟ್ಟಿಸಿದ. ಮುಂದೆ ಬೆಳ್ವೊಲ ನಾಡಿಗೆ ದಂಡೆತ್ತಿ ಬಂದ ಚೋಳರು ಇಲ್ಲಿಯ ಬಸದಿಗಳನ್ನು ಹಾಳುಮಾಡಿದರು. 1071ರ ಸುಮಾರಿಗೆ ಮಹಾಮಂಡಲೇಶ್ವರ ಲಕ್ಷ್ಮರಸ ಈ ಜಿನಾಲಯವನ್ನು ಜೀರ್ಣೋದ್ಧಾರ ಮಾಡಿಸಿ ದಾನ ಬಿಟ್ಟ.

ಇದೆಲ್ಲ ವಿವರವಾಗಿ ತಿಳಿಯುವುದು ಈಗ ಗದಗ ಜಿಲ್ಲೆಯಲ್ಲಿರುವ ಗಾವರವಾಡದ ಶಾಸನದಿಂದ. ಬಸದಿಗೆ ದಾನ ಬಿಟ್ಟ ಹಳ್ಳಿಗಳಲ್ಲಿ ಅದೂ ಒಂದು. ಬಸದಿ ಒಂದೂರಲ್ಲಿ, ಅದರ ಚರಿತ್ರೆ ಇನ್ನೊಂದೂರಲ್ಲಿ! ಆದ್ದರಿಂದ ನಿಮ್ಮೂರಿನ ಹಳೆಯ ಅಕ್ಷರದ ಕಲ್ಲಿಗೆ ಸುಣ್ಣ ಬಳಿಯಬೇಡಿ. ತಿಳಿದವರಿಂದ ಓದಿಸಿ, ಕಾಪಾಡಿ.